ಬೇರಿಗೆ ಬಾಯಿ ಹಾಕಿದ ಬಿಳಿ ಹೂವು

ಠಾಣಾ ಕುಶನೂರಿನ ಹಮೀದುನ್ನಿಸಾಗೆ ಪಕ್ಕದ ಹೊಲದ ಶರಫೋದ್ದೀನನನ್ನು ಕಂಡರೆ ಆಗುತ್ತಿರಲಿಲ್ಲ. ಅವಳು ಮೂವತ್ತು ವರ್ಷದಿಂದ ಮಣ್ಣಲ್ಲಿ ಕೈಯಾಡಿಸಿದವಳು. ಅವನ ಮನೆ ಬೀದರಿನ ಮೈಲೂರಿನಲ್ಲಿ. ವಾರಕ್ಕೊಮ್ಮೆ ಇಸ್ತ್ರಿ ಅಂಗಿ ತೊಟ್ಟು ಬಂದು ಬದುವಿನ ಮೇಲೆ ನಿಂತು ಹೋಗುವುದನ್ನೇ ಅವನು ಒಕ್ಕಲುತನ ಅನ್ನುತ್ತಿದ್ದ.

ಆ ವರ್ಷ ಮುಂಗಾರಿ ಜೋಳ ಮೊಣಕಾಲೆತ್ತರ ಬಂದಾಗ ಇಬ್ಬರ ಹೊಲದಲ್ಲೂ ಬಾಡತೊಡಗಿತು. ಶರಫೋದ್ದೀನ ಬೋರ್ ಚಾಲೂ ಮಾಡಿದ.

"ನೀರಡಿಕಿ ಆಗ್ಯದ ಚಾಚಿ, ನೀವೂ ನೀರು ಬಿಡ್ರಿ."

"ಕಣ್ಣದಾವೋ ಇಲ್ಲೋ ನಿನಗ? ಕೆಸರಿನ್ಯಾಗ ನಿಂತ ಬೆಳಿಗಿ ಎಂಥಾ ನೀರಡಿಕಿ!"

ಅವಳು ಒಂದು ದಂಟನ್ನು ಮಣ್ಣಿನ ಸಮೇತ ಅಗೆದು ಅವನ ಮುಂದೆ ಹಿಡಿದಳು. ಜೋಳದ ಬೇರನ್ನು ಕಳೆಯ ಬೆಳ್ಳನೆಯ ಎಳೆ ಮೊಳಕೆಗಳು ಕಚ್ಚಿ ಹಿಡಿದಿದ್ದವು.

"ಈ ಕಸ ಮ್ಯಾಲ ಕಾಣೂದ್ರಾಗೇ ಒಳಗೊಳಗ ಹೀರಿ ಮುಗಿಸಿರ್ತದ. ಹೂ ಬಿಡೂಕಿಂತ ಮೊದಲ ಕೀಳು. ಬೀಜ ಉದುರಿದ್ರ ವರ್ಷಾನುಗಟ್ಲೆ ಮಣ್ಣಾಗ ಜೀವಾ ಹಿಡಕೊಂಡಿರ್ತದ."

ಅಂಗಿಗೆ ಮಣ್ಣು ತಾಗೀತೆಂದು ಅವನು ಹಿಂದೆ ಸರಿದ. ಕೆಲವೇ ವಾರಗಳಲ್ಲಿ ಅವನ ಹೊಲದ ತುಂಬ ಬಿಳಿ ಹೂವು. ಚೆಂದ ಕಾಣುತ್ತವೆಂದು ಫೋಟೋ ಬೇರೆ ತೆಗೆದುಕೊಂಡ! ಹಮೀದುನ್ನಿಸಾ ಥೂ ಎಂದು ಉಗುಳಿ, ಸೊಂಟ ಬಗ್ಗಿಸಿ ತನ್ನ ಹೊಲದ ಕಸ ಕಿತ್ತಳು. ಆದರೂ ಅರ್ಧ ತೆನೆ ಜೊಳ್ಳಾದವು.

ಮರುವರ್ಷ ಕೃಷಿ ಇಲಾಖೆಯಲ್ಲಿ ಕೆಲಸ ಮಾಡುವ ಭಾಲ್ಕಿಯ ದಾನಮ್ಮ ಹೊಸ ತಳಿಯ ಜೋಳ ತಂದಳು.

"ಜೋಳದ ಬೇರಿನಿಂದ ಒಂದು ರಸ ಸೋರ್ತದರಿ. ಅದು ತಾಕಿದ್ರೇ ಕಸದ ಬೀಜಕ್ಕ ಎಚ್ಚರ. ಈ ತಳಿ ಆ ರಸ ಭಾಳ ಕಡಿಮಿ ಬಿಡ್ತದ. ಕಸ ಮಕ್ಕೊಂಡೇ ಇರ್ತದರಿ."

"ಮಕ್ಕೋತದ! ಹಂಗಾರ ನೀನೇ ಕುಂತು ಜೋಗುಳ ಹಾಡು."

ದಾನಮ್ಮನ ಮಾತು ಸುಳ್ಳೆಂದು ತೋರಿಸಲಿಕ್ಕೆಂದೇ ಹಮೀದುನ್ನಿಸಾ ಕಸ ಹೆಚ್ಚಿದ್ದ ಮೂಲೆಯಲ್ಲಿ ಹತ್ತು ಸಾಲು ಬಿತ್ತಿದಳು. ಸುತ್ತಲಿನ ಜೋಳ ಬಾಡಿತು. ಆ ಹತ್ತು ಸಾಲು ಹಸಿರಾಗಿಯೇ ನಿಂತವು. ಒಂದು ದಂಟು ಅಗೆದಳು. ಬೇರು ಸ್ವಚ್ಛ. ಯಾರೂ ನೋಡುತ್ತಿಲ್ಲವೆಂದು ಖಾತ್ರಿ ಮಾಡಿಕೊಂಡು ಇನ್ನೆರಡು ಅಗೆದಳು. ಅವುಗಳಲ್ಲೊಂದಕ್ಕೆ ಮಾತ್ರ ಒಂದೇ ಮೊಳಕೆ ಕಚ್ಚಿತ್ತು. ಇಷ್ಟು ವರ್ಷ ಬೆನ್ನು ಮುರಿದುಕೊಂಡದ್ದು ನೆನೆದು ಅವಳಿಗೆ ತನ್ನ ಮೇಲೇ ಸಿಟ್ಟು ಬಂತು.

ದಾನಮ್ಮ ಬಂದು ಕೇಳಿದಾಗ, "ಮೇವಿನ ಕಣಕಿ ಸಣ್ಣಾಗ್ಯದ. ಎಮ್ಮಿ ಮೂಸಿ ನೋಡಂಗಿಲ್ಲ," ಎಂದು ಮುಖ ತಿರುವಿದಳು. ದಾನಮ್ಮ ಗಾಡಿ ಹತ್ತಿದ ಮೇಲೆ ಕೂಗಿ ಹೇಳಿದಳು:

"ಬರೂ ವರ್ಷ ಇಡೀ ಹೊಲಕ್ಕ ಬೀಜ ತಾ. ಆ ನಿಕಮ್ಮಾ ಶರಫೋದ್ದೀನಗೂ ಒಂದು ಚೀಲ ಕೊಡು. ಪ್ರೀತಿ ಉಕ್ಕಿ ಹೇಳ್ತಿಲ್ಲ ನಾ. ಅವನ ಹೊಲದ ಕಸದ ಬೀಜ ಗಾಳಿಗಿ ನನ್ನ ಹೊಲಕ್ಕೇ ಬರ್ತದ."