ಧಾರಣೆ ಓದುತ್ತಿದ್ದ ಅಕ್ಕ

ರಾಣೆಬೆನ್ನೂರಿನ ಒಂದು ಕೇಬಲ್ ಚಾನೆಲ್‌ನಲ್ಲಿ ನಾನು ಕ್ಯಾಮೆರಾ ಹಿಡಿಯುತ್ತಿದ್ದೆ, ಅಕ್ಕ ಸುದ್ದಿ ಓದುತ್ತಿದ್ದರು. ಬ್ಯಾಡಗಿ ಮೆಣಸಿನಕಾಯಿಯ ಧಾರಣೆ ಅವರ ಬಾಯಲ್ಲಿ ಬಂದರೆ ಅಂಗಡಿಗಳಲ್ಲಿ ಮಾತು ನಿಲ್ಲುತ್ತಿತ್ತು. ಡಬ್ಬಿ ತಳಿಯ ದರ ಕಡ್ಡಿ ತಳಿಗೆ, ಕಡ್ಡಿಯದು ಡಬ್ಬಿಗೆ ಒಮ್ಮೆಯೂ ಆದದ್ದಿಲ್ಲ. ಓದುವ ಮೊದಲು ಸೆರಗನ್ನು ಹೆಗಲಿಗೆಳೆದುಕೊಂಡು ಕೇಳುವರು: “ತಮ್ಮಾ, ನಾ ನೆಟ್ಟಗ ಕಾಣಾಕತ್ತೇನೇನು?” ನಾನು “ಹ್ಞೂಂ ಅಕ್ಕಾರ” ಅನ್ನುವವರೆಗೂ ಶುರುಮಾಡುತ್ತಿರಲಿಲ್ಲ.

ಮಾಲೀಕರಿಗೆ ಮಾತ್ರ ಅವರ ಬಿಳಿಗೂದಲಷ್ಟೇ ಕಂಡಿತು. “ಅಕ್ಕಾರ, ನಿಮ್ಮ ಧ್ವನಿ ಇರ್ಲಿ. ಮಾರಿ ಬ್ಯಾರೆ ತರಿಸೇನಿ,” ಎಂದರು.

ತರಿಸಿದ್ದು ಕಂಪ್ಯೂಟರ್‌ನಲ್ಲಿ ಮಾಡಿದ ಇಪ್ಪತ್ತರ ಹುಡುಗಿಯ ಮುಖ. ಅಕ್ಕ ಒಳಕೋಣೆಯಲ್ಲಿ ಮೈಕಿನ ಮುಂದೆ ಓದುವರು, ಪರದೆಯ ಮೇಲೆ ಆ ಹುಡುಗಿಯ ತುಟಿ ಆಡುವುದು. ಯಾರಿಗೂ ಕಾಣದ ಆ ಕೋಣೆಯಲ್ಲೂ ಅವರು ಸೆರಗು ಸರಿಮಾಡಿಕೊಂಡು ಅದೇ ಮಾತು ಕೇಳುತ್ತಿದ್ದರು. ದಿನವೂ ಅದು ಧ್ವನಿಮುದ್ರಣದಲ್ಲಿ ಸೇರುತ್ತಿತ್ತು. ಪ್ರಸಾರಕ್ಕೆ ಮುಂಚೆ ನಾನೇ ಕತ್ತರಿಸುತ್ತಿದ್ದೆ; ಕತ್ತರಿಸದ ಮೂಲ ಕಂಪ್ಯೂಟರ್‌ನಲ್ಲೇ ಉಳಿಯುತ್ತಿತ್ತು.

ಒಂದು ದಿನ ಮಾಲೀಕರು, “ಧ್ವನಿನೂ ಕಂಪ್ಯೂಟರ್ ಕಲತೈತ್ರಿ. ನಾಳಿಂದ ಬರೂದು ಬ್ಯಾಡ,” ಎಂದರು. ಅಕ್ಕ ಕಿಟಕಿಯಲ್ಲಿಟ್ಟಿದ್ದ ತಮ್ಮ ಬಾಚಣಿಗೆ ತೆಗೆದುಕೊಂಡು ಹೋದರು.

ಮರುದಿನ ಬೆಳಿಗ್ಗೆ ನಾನು ಧಾರಣೆಯನ್ನಷ್ಟೇ ಟೈಪ್ ಮಾಡಿ ಗುಂಡಿ ಒತ್ತಿದೆ. ಪರದೆಯ ಹುಡುಗಿ ಕಣ್ಣೆತ್ತಿ ನನ್ನತ್ತ ನೋಡಿದಳು.

“ತಮ್ಮಾ, ನಾ ನೆಟ್ಟಗ ಕಾಣಾಕತ್ತೇನೇನು?” ಎಂದು ಅಕ್ಕನ ಧ್ವನಿಯಲ್ಲಿ ಕೇಳಿದಳು.

ಕೋಣೆಯಲ್ಲಿ ನಾನೊಬ್ಬನೇ ಇದ್ದೆ. ಬಹಳ ಹೊತ್ತು ಕಾದೆ. ಅವಳೂ ಕಾದಳು.

“ಹ್ಞೂಂ ಅಕ್ಕಾರ,” ಅಂದೆ.

ಆಮೇಲೆಯೇ ಅವಳು ಓದಲು ಶುರುಮಾಡಿದಳು.