ಬೂದಿಯಲ್ಲಿಟ್ಟ ಚಿಪ್

ಕಮ್ಮರಡಿಯ ಅಡುಗೆಮನೆಯಲ್ಲಿ ಅವತ್ತು ಇದ್ದದ್ದು ನಾವು ಮೂವರೇ. ಒಲೆಯ ಮುಂದೆ ನನ್ನನ್ನು ಸಾಕಿದ ದೊಡ್ಡಮ್ಮ, ಗೋಡೆಗೆ ಒರಗಿ ಅವಳ ಮಗಳು, ಅಂದರೆ ನನ್ನ ಅಕ್ಕ, ಮಣೆಯ ಮೇಲೆ ನಾನು. ನನ್ನ ಕೈಯಲ್ಲೊಂದು ಪ್ಲಾಸ್ಟಿಕ್ ಡಬ್ಬಿ, ಅದರೊಳಗೆ ಉಗುರಿನಷ್ಟು ಚಿಪ್. ತಿಂಗಳುಗಟ್ಟಲೆ ಮಾಡಿದ್ದರಲ್ಲಿ ಕೆಡದೆ ಉಳಿದದ್ದು ಅದೊಂದೇ. ಲೇಸರ್ ಇರುವ ಲ್ಯಾಬಿಗೆ ಅದನ್ನು ಒಯ್ಯುವ ದಾರಿಯಲ್ಲಿ ಮನೆಗೆ ಬಂದಿದ್ದೆ. ನನ್ನ ಪಿಎಚ್‌ಡಿ ನಿಂತದ್ದೇ ಅದರ ಮೇಲೆ.

"ಎಂತದೆ ಅದು?" ಅಂದಳು ದೊಡ್ಡಮ್ಮ.

ಹೇಳಿದೆ. ಇದರಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ತಂತಿಗಳಿವೆ, ಅಲ್ಲಿ ಎಲೆಕ್ಟ್ರಾನ್ ಓಡುವ ವೇಗಕ್ಕೆ ಯಾವ ಮೀಟರೂ ಸಾಲದು. ಅದಕ್ಕೇ ಟೆರಾಹರ್ಟ್ಸ್ ಎಂಬ ಬೆಳಕಿನ ಮಿಡಿತ ಹಾಯಿಸಿ ನೋಡುತ್ತೇವೆ. ರೆಪ್ಪೆ ಬಡಿಯುವಷ್ಟರಲ್ಲಿ ಸಾವಿರಾರು ಕೋಟಿ ಹಿಡಿಸುವಷ್ಟು ಚಿಕ್ಕ ಮಿಡಿತ. ಆದರೆ ಆ ಬೆಳಕಿಗೆ ನೀರಾಗದು, ಗಾಳಿಯ ತೇವವೇ ಅದನ್ನು ನುಂಗಿಬಿಡುತ್ತದೆ.

"ಹಂಗಾದ್ರೆ ಈ ಮಳೆ ಸುರಿಯೋ ನಮ್ಮೂರಲ್ಲಿ ಅದಕ್ಕೆ ಅನ್ನ ಹುಟ್ಟಲ್ಲ ಬಿಡು ಮಾರಾಯ್ತಿ," ಎಂದು ಅಕ್ಕ ನಕ್ಕಳು. ದೊಡ್ಡಮ್ಮ ನಗಲಿಲ್ಲ.

ಮರುದಿನ ಕೊಪ್ಪಕ್ಕೆ ಹೋಗಿ ಮಧ್ಯಾಹ್ನ ಬಂದರೆ, ಮನೆಯಲ್ಲೇ ಬಿಟ್ಟಿದ್ದ ಚೀಲದಲ್ಲಿ ಖಾಲಿ ಡಬ್ಬಿ.

"ಹುಡುಕ್ಬೇಡ. ಜೋಪಾನ ಮಾಡಿದೀನಿ," ಎನ್ನುತ್ತ ದೊಡ್ಡಮ್ಮ ಸೌತೆ ಬೀಜದ ಮಡಿಕೆ ತಂದಳು. ಬಿತ್ತನೆಯ ಬೀಜಕ್ಕೆ ತೇವ ತಾಗದಂತೆ ಸೋಸಿದ ಬೂದಿಯಲ್ಲಿ ಹೂತು ಒಲೆಯ ಮೇಲಿನ ಅಟ್ಟದಲ್ಲಿಡುವುದು ಅವಳ ಪದ್ಧತಿ. ಒಂದು ಬೀಜವೂ ಕೆಟ್ಟದ್ದಿಲ್ಲ. ಬೂದಿಯೊಳಗೆ ಬೆರಳಿಟ್ಟು ನನ್ನ ಚಿಪ್ ತೆಗೆದಳು.

"ಡಬ್ಬಿ ಬಿಸಿಗೆ ಕರಗೀತು ಅಂತ ಇದನ್ನ ಮಾತ್ರ ಹೂತೆ. ಸರಿ ಮಾಡಿದ್ನೇನೆ?"

"ಸರಿ ಮಾಡಿದೆ ದೊಡ್ಡಮ್ಮ."

ಅಕ್ಕ ನನ್ನ ಮುಖ ನೋಡಿ ಒಳಗೆ ಹೋದಳು.

ಲ್ಯಾಬಿನ ಸೂಕ್ಷ್ಮದರ್ಶಕದಲ್ಲಿ ಬೂದಿಯ ಹರಳುಗಳು ಬಂಡೆಗಳಂತೆ ಕಂಡವು. ತೀರಾ ಸಣ್ಣ ತಂತಿಗಳೆಲ್ಲ ಹರಿದಿದ್ದವು. ಲೇಸರಿನಲ್ಲಿ ಅಳೆಯುವ ನನ್ನ ಸರದಿಯನ್ನು ಬೇರೆಯವರಿಗೆ ಬಿಟ್ಟುಕೊಟ್ಟೆ.

"ಬೆಳಕು ಒಳಗೆ ಹೊಕ್ತಾ?" ಫೋನಿನಲ್ಲಿ ದೊಡ್ಡಮ್ಮ ಕೇಳಿದಳು.

"ಹೊಕ್ತು."

ಇನ್ನೊಂದು ಚಿಪ್ ಆದ ಮೇಲೆ ನಿಜ ಹೇಳಿದರಾಯಿತು, ಇಬ್ಬರೂ ಕೂತು ನಗಬಹುದು ಎಂದುಕೊಂಡಿದ್ದೆ. ಅದಕ್ಕೆ ವರ್ಷ ಹಿಡಿಯಿತು. ಅಷ್ಟರಲ್ಲಿ ದೊಡ್ಡಮ್ಮ ತೀರಿಕೊಂಡಳು. ತಿಥಿಗೆ ಬಂದ ಪಕ್ಕದ ಮನೆಯಾಕೆ, "ನಿನ್ನ ಓದಿನ ಸಾಮಾನು ಉಳ್ಸಿದ್ದೇ ಇವಳಂತಲ್ಲ, ಸಿಕ್ಕಿದೋರಿಗೆಲ್ಲ ಹೇಳ್ತಿದ್ಲು," ಎಂದಳು. ಹೌದು ಎಂದೆ.

ಮುಂದಿನ ತಿಂಗಳು ಹೊಸ ಚಿಪ್ ಅಳೆದೆವು. ಮಿಡಿತ ಹಾಯ್ದು ಬಂತು. ಹೊರಗೆ ಬಂದು ಕಮ್ಮರಡಿಗೆ ಫೋನ್ ಮಾಡಿದೆ. ಅಕ್ಕ ಎತ್ತಿದಳು. "ಬೆಳಕು ಈಗ ಹೊಕ್ತು ಅಕ್ಕ," ಎಂದೆ.