ಅವ್ವನ ದನಿಗೊಂದು ಲ್ಯಾಪ್‌ಟಾಪ್

ನನ್ನ ಅಂಗಡಿಯಲ್ಲಿ ಸತ್ತವರು ಸರದಿಯಲ್ಲಿ ನಿಲ್ಲುವುದಿಲ್ಲ. ಮದುವೆ ಬ್ಯಾನರು, ಕಿವಿ ಚುಚ್ಚುವ ಶಾಸ್ತ್ರದ ಪತ್ರಿಕೆ, ಹೊಸ ಅಂಗಡಿಯ ಬೋರ್ಡು, ಎಲ್ಲವೂ ಪಕ್ಕಕ್ಕೆ ಸರಿದು ಅವರಿಗೆ ದಾರಿ ಬಿಡಬೇಕು. ತಮಿಳುನಾಡಿನ ನಮ್ಮ ಕಂಬಂನಲ್ಲಿ ಜೀವ ಹೋದ ಎರಡು ಗಂಟೆಯೊಳಗೆ ಬಸ್ ನಿಲ್ದಾಣದ ಗೋಡೆಗೆ ಕಣ್ಣೀರಂಜಲಿ ಪೋಸ್ಟರ್ ಅಂಟಿರಬೇಕು. ತಡವಾದರೆ ಹೋದವರಿಗೆ ಮರ್ಯಾದೆ ಕೊಡಲಿಲ್ಲವೆಂದು ನೆಂಟರು ಮುಖ ತಿರುಗಿಸುತ್ತಾರೆ. ಯಾರೋ ಅಳುತ್ತ ಫೋನಿಗೆ ಫೋಟೋ ಕಳಿಸುತ್ತಾರೆ. ನಾನು ಅಕ್ಕಪಕ್ಕ ನಿಂತವರನ್ನು ಕತ್ತರಿಸಿ ತೆಗೆದು, ಹಿಂದೆ ಮೋಡ ಹಾಕಿ, ಕೆಳಗೆ ದೀಪ ಇಟ್ಟು, ಮೊಮ್ಮಕ್ಕಳ ಹೆಸರು ಯಾವುದೂ ಬಿಟ್ಟುಹೋಗಿಲ್ಲವಲ್ಲ ಎಂದು ಎರಡು ಸಲ ನೋಡಿ ಪ್ರಿಂಟಿಗೆ ಕೊಡುತ್ತೇನೆ. ಅವ್ವ ಹೋದ ದಿನ ಅವ್ವನದನ್ನೂ ನಾನೇ ಮಾಡಿದೆ. ನಲವತ್ತು ನಿಮಿಷ ಹಿಡಿಯಿತು.

ಈಗೀಗ ಜನಕ್ಕೆ ಪೋಸ್ಟರ್ ಸಾಲದು. ಸತ್ತವರು ಎದ್ದು ನಡೆಯಬೇಕು. ಮದುವೆ ಮಂಟಪದಲ್ಲಿ ದೊಡ್ಡ ಎಲ್‌ಇಡಿ ಪರದೆ ಹಾಕಿಸುತ್ತಾರೆ. ತಾಳಿ ಕಟ್ಟಿದ ಕೂಡಲೇ ಆ ಪರದೆಯ ಮೇಲೆ ಮೋಡದಿಂದ ಹುಡುಗಿಯ ಸತ್ತ ಅಪ್ಪ ಇಳಿದು ಬಂದು, ಮಗಳ ತಲೆ ಮೇಲೆ ಕೈಯಿಟ್ಟು, ನೂರು ವರ್ಷ ಬಾಳಮ್ಮಾ ಎನ್ನುತ್ತಾನೆ. ಮಂಟಪ ಪೂರ್ತಿ ಗೊಳೋ ಎನ್ನುತ್ತದೆ. ಮೊದಲ ಸಲ ಇಂಥದ್ದನ್ನು ಮಾಡಿಕೊಡಿ ಎಂದು ಒಬ್ಬರು ಕೇಳಿದಾಗ, ಸತ್ತವರನ್ನು ಕುಣಿಸುವ ಕೆಲಸ ನನ್ನದಲ್ಲ, ಹೋಗಿ ಎಂದುಬಿಟ್ಟೆ. ಅವರು ಹೋದರು, ನೇರವಾಗಿ ಎದುರು ಸಾಲಿನ ಹೊಸ ಅಂಗಡಿಗೆ. ಆಮೇಲೆ ಅವರ ಹಿಂದೆ ಇನ್ನೂ ಎಷ್ಟೋ ಜನ ಹೋದರು. ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ, ಅದರಿಂದ ಕೆಟ್ಟದ್ದೇ ಹೆಚ್ಚು.

ಆ ಕೆಲಸ ನನ್ನ ಹಳೆಯ ಕಂಪ್ಯೂಟರಿನಿಂದ ಆಗುವಂಥದ್ದಲ್ಲ. ಒಂದು ಸಲ ಗುಟ್ಟಾಗಿ ಮಾಡಿ ನೋಡಿದ್ದೆ. ಹತ್ತು ಸೆಕೆಂಡಿನ ವಿಡಿಯೋ ಮಾಡಲು ಬೆಳಿಗ್ಗೆ ಹಚ್ಚಿದರೆ ಮಧ್ಯಾಹ್ನಕ್ಕೆ ಕಂಪ್ಯೂಟರೇ ಕಣ್ಣು ಮುಚ್ಚಿಕೊಂಡಿತು. ಅದಕ್ಕೆ ಬೇಕಾದ ದೊಡ್ಡ ಗ್ರಾಫಿಕ್ಸ್ ಕಾರ್ಡ್ ಇರುವುದು ಆಟ ಆಡುವವರ ದುಬಾರಿ ಲ್ಯಾಪ್‌ಟಾಪಿನಲ್ಲಿ. ಎರಡು ಲಕ್ಷಕ್ಕೆ ಸ್ವಲ್ಪ ಕಡಿಮೆ. ಕೀಲಿಗಳ ಅಡಿಯಲ್ಲಿ ಕೆಂಪು, ಹಸಿರು, ನೀಲಿ ದೀಪ. ಮುಚ್ಚಳದ ಮೇಲೆ ಹಲ್ಲು ಕಿರಿಯುವ ಯಾವುದೋ ಮೃಗ. ನಲವತ್ತಾರು ವರ್ಷದ ಹೆಂಗಸು ಇದನ್ನು ಮುಂದಿಟ್ಟುಕೊಂಡು ಹೆಣದ ಪೋಸ್ಟರ್ ಮಾಡುವುದನ್ನು ನೆನೆದು ನನಗೇ ನಗು ಬಂದಿತ್ತು. ತಗೊಳ್ಳಲೋ ಬೇಡವೋ ಎಂದು ಆರು ತಿಂಗಳು ಎಳೆದಾಡಿದೆ. ಅಷ್ಟರಲ್ಲಿ ಅಕ್ಕ ಬಂದಳು.

ಅಕ್ಕನನ್ನು ಕೊಟ್ಟಿರುವುದು ಮಾರ್ಕಯನ್‌ಕೋಟ್ಟೈಗೆ. ಅವಳ ಮಗಳ ಮದುವೆ ತಮಿಳರ ಆವಣಿ ತಿಂಗಳಲ್ಲಿ ನಿಶ್ಚಯವಾಗಿತ್ತು. ಕಾಮಯಗೌಂಡನ್‌ಪಟ್ಟಿಯ ನಮ್ಮ ಮನೆಗೆ ಬಂದು ಕೂತವಳು, ಊರಿನವರ ಸತ್ತವರೆಲ್ಲ ಪರದೆ ಮೇಲೆ ಬರ್ತಾರಂತೆ, ನಮ್ಮ ಅವ್ವ ಬರಬಾರದಾ ಎಂದು ಶುರು ಮಾಡಿದಳು. ಹೇಗಿದ್ದರೂ ನಿನ್ನ ಕಸುಬಿಗೆ ಬೇಕು, ಆ ಲ್ಯಾಪ್‌ಟಾಪ್ ತಗೊಂಡುಬಿಡು ಅಂದಳು. ನಾನು ಏನೋ ಒಂದು ಒರಟು ಮಾತು ಹೇಳಲು ಬಾಯಿ ತೆರೆದಿದ್ದೆ. ಆಗ ಹೊರಗೆ ಜಗಲಿಯ ಮೇಲೆ ಕೂತಿದ್ದ ಅಪ್ಪ ಕತ್ತು ತಿರುಗಿಸಿದ.

"ಅವ ಪೇಸ್ತಾಳಾ?" ಅಂದ. ಅವಳು ಮಾತಾಡ್ತಾಳಾ ಎಂದು ಕೇಳಿದ್ದು.

ಅಪ್ಪ ತಾನಾಗಿ ಬಾಯಿ ತೆರೆದು ಎಷ್ಟೋ ದಿನವಾಗಿತ್ತು. ಅದು ಯಾಕೆಂದು ಹೇಳಬೇಕು. ನಮ್ಮದು ನೂರಾರು ವರ್ಷದ ಹಿಂದೆ ಇಲ್ಲಿಗೆ ಬಂದು ನಿಂತ ಕನ್ನಡದ ಮನೆತನ. ಹೊಸಿಲು ದಾಟಿದರೆ ತಮಿಳು, ಒಳಗೆ ಬಂದರೆ ನಮ್ಮ ಮಾತು. ಆ ಮಾತು ಇತ್ತ ಈಗಿನ ಕನ್ನಡವೂ ಅಲ್ಲ, ಅತ್ತ ತಮಿಳೂ ಅಲ್ಲ. ಅದನ್ನು ಪೂರ್ತಿಯಾಗಿ ಆಡುತ್ತಿದ್ದವರು ನಮ್ಮ ಮನೆಯಲ್ಲಿ ಇಬ್ಬರೇ, ಅಪ್ಪ ಮತ್ತು ಅವ್ವ. ದ್ರಾಕ್ಷಿ ಚಪ್ಪರದ ಕೆಳಗೆ ಇಬ್ಬರೂ ಕೈ ಮೇಲೆತ್ತಿ ಗೊಂಚಲು ಬಿಡಿಸುತ್ತ, ದಿನವಿಡೀ ಜಗಳವೋ ಸಲ್ಲಾಪವೋ ಗೊತ್ತಾಗದ ಹಾಗೆ ಆಡಿಕೊಳ್ಳುತ್ತಿದ್ದರು. ಅಕ್ಕ ಗಂಡನ ಮನೆಯಲ್ಲಿ ತಮಿಳಿಗೆ ಹೊರಳಿದಳು. ಅವಳ ಮಕ್ಕಳಿಗೆ ಅರ್ಥವಾಗುತ್ತದೆ, ಉತ್ತರ ಮಾತ್ರ ತಮಿಳಿನಲ್ಲಿ. ನಾನು ಎಂಟು ವರ್ಷ ಬೆಂಗಳೂರಿನ ಒಂದು ಪ್ರೆಸ್ಸಿನಲ್ಲಿ ಡಿಟಿಪಿ ಮಾಡಿ, ಓದುವ ಬರೆಯುವ ಕನ್ನಡ ಕಲಿತು, ನಾಲಿಗೆ ಕೆಡಿಸಿಕೊಂಡು ಬಂದೆ. ನಾನು ಬಾಯಿ ಬಿಟ್ಟರೆ ಸಾಕು, ಅವ್ವ ಅಪ್ಪನಿಗೆ ಹೇಳುತ್ತಿದ್ದಳು, "ಟಿವಿ ಸುದ್ದಿಯೋಳ್ ಬಂದ್ಲು, ಚೇರ್ ಹಾಕು." ಇಬ್ಬರೂ ನಗುತ್ತಿದ್ದರು. ನನಗೆ ಮೈಯೆಲ್ಲ ಉರಿಯುತ್ತಿತ್ತು.

ಅವ್ವ ಹೋದ ಮೇಲೆ ಅಪ್ಪ ನನ್ನೊಂದಿಗೆ ಬೇಕಾದ್ದನ್ನು ಮಾತ್ರ ಹೇಳುತ್ತಿದ್ದ. ನೀರು. ಸಾಕು. ಕದ ಹಾಕು. ಆ ದಿನ ಅಕ್ಕನ ಎದುರು ಅಪ್ಪ ಹಾಗೆ ಕೇಳಿದಾಗ ನಾನು ಹ್ಞೂಂ ಅಂದುಬಿಟ್ಟೆ. ಪೇಸ್ತಾಳೆ ಅಪ್ಪಾ, ಮಿಷನ್ ಬಂದರೆ ಪೇಸ್ತಾಳೆ. ಮರುದಿನ ಅಪ್ಪ ಕ್ಷೌರ ಮಾಡಿಸಿಕೊಂಡು ಬಂದ. ಆಮೇಲೆ ದಿನಾ ನಾನು ಅಂಗಡಿಯಿಂದ ಬಂದು ಗಾಡಿ ನಿಲ್ಲಿಸುವುದನ್ನೇ ಕಾದು, ಮಿಷನ್ ಬಂತಾ ಎಂದು ಕೇಳತೊಡಗಿದ. ಇನ್ನು ನಾನು ತಗೊಳ್ಳಲೋ ಬೇಡವೋ ಎನ್ನುವ ಹಾಗಿರಲಿಲ್ಲ.

ಬೆಂಗಳೂರಿನ ಪ್ರೆಸ್ಸಿನಲ್ಲಿ ನನ್ನ ಜೊತೆಗಿದ್ದವರೊಬ್ಬರು ದಿಂಡಿಗಲ್‌ನಲ್ಲಿ ಇದೇ ಕಸುಬು ಮಾಡುತ್ತಾರೆ. ಅಂಥದ್ದೇ ಲ್ಯಾಪ್‌ಟಾಪ್ ಅವರ ಹತ್ತಿರ ಇದೆ. ಅಷ್ಟು ದುಡ್ಡು ಸುರಿಯುವ ಮುಂಚೆ ಒಂದು ದಿನ ಬಂದು ಇದರ ಮುಂದೆ ಕೂತು ನೋಡಿ, ಅಮ್ಮನ ಫೋಟೋ ತನ್ನಿ, ಅಮ್ಮನ ದನಿ ಒಂದು ನಿಮಿಷದ್ದು ಇದ್ದರೆ ಸಾಕು, ಮಿಕ್ಕಿದ್ದನ್ನು ಅದೇ ಕಲಿತುಕೊಳ್ಳುತ್ತದೆ ಎಂದರು. ದನಿಗೇನು ಕೊರತೆ ಅಂದೆ. ಅವ್ವನಿಗೆ ಓದು ಬರುತ್ತಿರಲಿಲ್ಲ. ನಾನು ಅಂಗಡಿಯಲ್ಲಿದ್ದಾಗ ದಿನಾ ಮಧ್ಯಾಹ್ನ ಫೋನಿಗೆ ವಾಯ್ಸ್ ಮೆಸೇಜ್ ಕಳಿಸುತ್ತಿದ್ದಳು. ಉಂಡ್ಯಾ ಕಣ್ಣು, ಮುದ್ದಿಗೆ ನನ್ನನ್ನು ಕರೆಯುತ್ತಿದ್ದುದೇ ಕಣ್ಣು ಎಂದು. ಬರ್ತಾ ಜೀರಗೆ ತಾ. ನಿಮ್ಮಪ್ಪ ಮಾತ್ರೆ ನುಂಗಿಲ್ಲ, ನೀನೇ ಬಂದು ಕೇಳು. ಹಿಂದಿನಿಂದ ಅಪ್ಪ, ನುಂಗಿದ್ನಲ್ಲೇ ಎನ್ನುವುದೂ ಕೇಳುತ್ತಿತ್ತು. ವರ್ಷಗಟ್ಟಲೆ ಅಂಥವು. ಅವ್ವ ಸತ್ತ ಮೇಲೆ ಒಂದನ್ನೂ ಒತ್ತಿ ಕೇಳುವ ಧೈರ್ಯ ನನಗಾಗಿರಲಿಲ್ಲ. ಫೋನಿನೊಳಗೆ ಇವೆಯಲ್ಲ ಎಂಬುದೇ ನನಗೆ ಬಲವಾಗಿತ್ತು.

ದಿಂಡಿಗಲ್ ಬಸ್ಸಿನಲ್ಲಿ, ತೇನಿ ದಾಟಿದ ಮೇಲೆ, ಯಾವುದು ಸ್ಪಷ್ಟವಾಗಿದೆ ನೋಡೋಣವೆಂದು ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಒಂದನ್ನು ಒತ್ತಿದೆ. ಫೈಲ್ ಇಲ್ಲ ಎಂದು ಬಂತು. ಅದರ ಮೇಲಿನದನ್ನು ಒತ್ತಿದೆ. ಅದೂ ಇಲ್ಲ. ಬೆರಳಿನಿಂದ ಮೇಲೆ ಮೇಲೆ ಸರಿಸುತ್ತ ಹೋದೆ. ದಿನಾಂಕಗಳಿದ್ದವು, ಅವ್ವನ ಹೆಸರಿನ ಕೆಳಗೆ ಸಣ್ಣ ಸಣ್ಣ ಗೆರೆಗಳಿದ್ದವು, ದನಿ ಎಲ್ಲಿಯೂ ಇರಲಿಲ್ಲ.

ನೆನಪಾಗುವುದಕ್ಕೆ ಹೆಚ್ಚು ಹೊತ್ತು ಬೇಕಾಗಲಿಲ್ಲ. ಅವ್ವನ ಹದಿನಾರನೇ ದಿನದ ಕಾರ್ಯ ಮುಗಿಸಿ ನಾನು ಅಂಗಡಿ ತೆರೆದ ಮೊದಲ ವಾರ. ಒಂದೇ ದಿನ ಮೂರು ಸಾವು. ಹನುಮಂತನಪಟ್ಟಿಯವರು ಫೋಟೋ ಕಳಿಸಿ ಬಾಗಿಲಲ್ಲೇ ನಿಂತಿದ್ದರು, ಫೋನು ಜಾಗ ಇಲ್ಲ ಎಂದು ಫೋಟೋ ಇಳಿಸಿಕೊಳ್ಳಲೊಲ್ಲದು. ಹಳೆಯ ಆಡಿಯೋ ತುಂಬಿದೆ, ತೆಗೆದುಬಿಡಲೇ ಎಂದು ಅದೇ ಕೇಳಿತು. ಬಾಗಿಲಲ್ಲಿ ನಿಂತವರು, ಬೇಗ ಅಕ್ಕಾ, ಹೆಣ ಎತ್ತುವ ಹೊತ್ತಾಯ್ತು ಎನ್ನುತ್ತಿದ್ದರು. ನಾನು ಸರಿ ಎಂದು ಒತ್ತಿದೆ. ಆ ಪೋಸ್ಟರ್ ಚೆನ್ನಾಗಿ ಬಂತೆಂದು ಆಮೇಲೆ ಅವರು ಬಂದು ಹೇಳಿದ್ದೂ ನೆನಪಾಯಿತು. ಅಯ್ಯೋ ಶಿವನೇ ಎಂದು ನಾನು ಬಸ್ಸಿನಲ್ಲಿ ಜೋರಾಗಿಯೇ ಅಂದಿರಬೇಕು, ಪಕ್ಕದ ಹೆಂಗಸು ನೀರಿನ ಬಾಟಲಿ ಚಾಚಿದಳು.

ಅಲ್ಲೇ ಇಳಿದು ವಾಪಸು ಹೋಗಬಹುದಿತ್ತು. ಹೋಗಲಿಲ್ಲ. ಯಾವ ಮುಖ ಇಟ್ಟುಕೊಂಡು ಹೋಗಲಿ, ಅಪ್ಪ ಕಾಯುತ್ತಿದ್ದಾನೆ.

ದಿಂಡಿಗಲ್‌ನ ಗೆಳೆಯರಿಗೆ, ದನಿ ಸಿಗಲಿಲ್ಲ ಎಂದಷ್ಟೇ ಹೇಳಿದೆ. ಅವರು ಯಂತ್ರದ ಗುಣದೋಷ ಎಲ್ಲ ಬಿಡಿಸಿ ಹೇಳಿದರು. ಕೆಲಸ ಬೇಗ, ಆದರೆ ಬಿಸಿ ಬಹಳ, ತೊಡೆ ಮೇಲೆ ಇಟ್ಟುಕೊಳ್ಳುವ ಹಾಗಿಲ್ಲ. ಕರೆಂಟು ಹೋದರೆ ಬ್ಯಾಟರಿ ಒಂದು ಗಂಟೆ ನಿಂತರೆ ಪುಣ್ಯ. ಗ್ರಾಫಿಕ್ಸ್ ಕಾರ್ಡಿನ ಮೆಮೊರಿಯಲ್ಲಿ ಮಾತ್ರ ಜಿಪುಣತನ ಮಾಡಬೇಡಿ. ನಾನು ತಲೆಯಾಡಿಸಿದೆ, ಒಂದೂ ಒಳಗೆ ಇಳಿಯಲಿಲ್ಲ. ಫೋಟೋ ಹಾಕಿದೆವು. ಅವ್ವನ ದನಿ ಇಲ್ಲದಿದ್ದರೇನು, ಸಿದ್ಧ ದನಿಗಳಿವೆ, ವಯಸ್ಸಾದ ಹೆಂಗಸಿನ ತಮಿಳು ದನಿ ತುಂಬಾ ಚೆನ್ನಾಗಿದೆ ಎಂದರು. ಕನ್ನಡದ್ದಿದ್ದರೆ ಹಾಕಿ ಎಂದು ಹಟ ಹಿಡಿದೆ. ಅದೂ ಇತ್ತು. ಅವ್ವನ ಮಾತನ್ನು ಅವ್ವ ಆಡುತ್ತಿದ್ದಂತೆಯೇ ಅಕ್ಷರಕ್ಕಿಳಿಸಿ ಕೊಟ್ಟೆ.

ಫ್ಯಾನು ಹೊಲಕ್ಕೆ ಔಷಧಿ ಹೊಡೆಯುವ ಮಿಷನಿನಂತೆ ಸದ್ದು ಮಾಡಿತು. ಏಳೆಂಟು ನಿಮಿಷಕ್ಕೆ ಅವ್ವ ಬಂದಳು. ಕಣ್ಣು ಮಿಟುಕಿಸಿದಳು. ಸೆರಗು ಸರಿಮಾಡಿಕೊಂಡಳು. ನನ್ನ ಕಡೆ ನೋಡಿ, ಉಂಡ್ಯಾ ಕಣ್ಣು ಅಂದಳು. ಒಂದೊಂದು ಅಕ್ಷರವೂ ತೊಳೆದು ಒಣಗಿಸಿದ ಹಾಗೆ, ಬೆಂಗಳೂರಿನ ಸುದ್ದಿ ಓದುವವಳ ಹಾಗೆ. ಅವ್ವ ಬದುಕಿರುವಷ್ಟು ದಿನ ಯಾರನ್ನು ಅಣಕಿಸಿದ್ದಳೋ ಅವಳೇ ಅವ್ವನ ಮುಖ ಹಾಕಿಕೊಂಡು ಕೂತಿದ್ದಳು. ಗೆಳೆಯರು ಅದ್ಭುತ ಎಂದರು. ನಾನೂ ಹೌದೆಂದು ಹೇಳಿ, ಅದನ್ನು ಫೋನಿಗೆ ಹಾಕಿಸಿಕೊಂಡು ಬಸ್ಸು ಹತ್ತಿದೆ. ಈ ಸಲ ಫೋನಿನಲ್ಲಿ ಜಾಗ ಬೇಕಾದಷ್ಟಿತ್ತು.

ನಾನು ಬರುವ ಹೊತ್ತಿಗೆ ಅಪ್ಪ ಒಗೆದ ಪಂಚೆ ಉಟ್ಟು ಜಗಲಿಯಲ್ಲಿ ಕೂತಿದ್ದ. ಇನ್ನೂ ಬೆಳಕಿತ್ತು. ಫೋನನ್ನು ಕೈಗೆ ಕೊಟ್ಟು ಒತ್ತಿದೆ. ಅವ್ವ ಸೆರಗು ಸರಿಮಾಡಿಕೊಂಡಳು, ಉಂಡ್ಯಾ ಕಣ್ಣು ಅಂದಳು. ಅಪ್ಪನಿಗೆ ಅರಳುಮರಳಿಲ್ಲ, ಕಣ್ಣೂ ಚೆನ್ನಾಗಿದೆ. ಕೊನೆಯವರೆಗೂ ನೋಡಿದ. ಆಮೇಲೆ ಚಾಚಿದ್ದ ಕಾಲನ್ನು ಮಡಚಿಕೊಂಡು, ಮನೆಗೆ ಬಂದ ಹೊರಗಿನವರನ್ನು ವಿಚಾರಿಸುವ ಮರ್ಯಾದೆಯ ತಮಿಳಿನಲ್ಲಿ, "ವಾಂಗಮ್ಮಾ. ಉಕ್ಕಾರುಂಗ. ಎಂದ ಊರು?" ಅಂದ. ಬನ್ನಿ ತಾಯೀ, ಕೂತ್ಕೊಳ್ಳಿ, ಯಾವ ಊರು ಎಂದು.

ಫೋನನ್ನು ನನಗೆ ವಾಪಸು ಕೊಟ್ಟು ನಮ್ಮ ಮಾತಿಗೆ ಹೊರಳಿದ. "ಇದ್ ಯಾರೋ. ಅವ ದಿನಾ ಪೇಸಿ ನಿನ್ಗೆ ಅನುಪ್ತಿದ್ಲಲ್ಲ, ಅದ ಹಾಕು."

ಅವ್ವ ದಿನಾ ಮಾತಾಡಿ ಕಳಿಸುತ್ತಿದ್ದಾಗ ಪಕ್ಕದಲ್ಲೇ ಕೂತಿರುತ್ತಿದ್ದವನು ಅವನೇ ಅಲ್ಲವೇ. ಫೋನು ಕೆಟ್ಟಿದೆ ಎನ್ನಲು ಬಾಯಿ ತೆರೆದೆ, ದೊಡ್ಡ ಮಿಷನ್ ಬರಲಿ ಎನ್ನಲು ತೆರೆದೆ. ಹೊರಬಿದ್ದದ್ದು ನಿಜವೇ.

"ಅದಿಲ್ಲಪ್ಪಾ. ಅಳಿಸಿಬಿಟ್ಟೆ."

"ಯಾಕ?"

"ಫೋನಿನಲ್ಲಿ ಜಾಗ ಇರಲಿಲ್ಲ."

ಅಪ್ಪ ರಸ್ತೆಯ ಕಡೆ ತಿರುಗಿದ. "ಊರಾರ್ ಹೆಣಕ್ಕೆಲ್ಲಾ ಎಡ ಇತ್ತು," ಅಂದ. ಎಡ ಅಂದರೆ ಜಾಗ. ಅದರಲ್ಲಿ ಕೋಪ ಇರಲಿಲ್ಲ. ಇದ್ದಿದ್ದರೆ ನಾನೂ ಕೂಗಾಡಿ ಹಗುರಾಗುತ್ತಿದ್ದೆ.

ಅಕ್ಕನ ಮಗಳ ಮದುವೆಯಲ್ಲಿ ಅವ್ವನ ಫೋಟೋಕ್ಕೆ ಹಾರ ಹಾಕಿ ಕುರ್ಚಿಯ ಮೇಲೆ ಇಟ್ಟರು, ಅಷ್ಟೇ. ಅಕ್ಕನಿಗೆ ನಿಜ ಹೇಳಿದೆ. ಬಾಯಿಗೆ ಬಂದಂತೆ ಬೈದಳು, ಬೈಸಿಕೊಂಡೆ. ಅಪ್ಪ ಮದುವೆಗೆ ಬಂದ, ಉಂಡ, ಮಂಟಪದ ಪರದೆಯ ಕಡೆ ಒಮ್ಮೆಯೂ ನೋಡಲಿಲ್ಲ. ಮಿಷನ್ ಬಂತಾ ಎಂದು ಮತ್ತೆ ಕೇಳಲಿಲ್ಲ.

ಆ ಲ್ಯಾಪ್‌ಟಾಪನ್ನು ಕೊನೆಗೆ ಕೊಂಡೆ. ಕಸುಬಿನವರು ಯಾರಾದರೂ ಕೇಳಿದರೆ ತಗೊಳ್ಳಿ ಎಂದೇ ಹೇಳುತ್ತೇನೆ. ಬಿಟ್ಟುಹೋದ ಗಿರಾಕಿಗಳು ತಿರುಗಿ ಬಂದಿದ್ದಾರೆ. ವಾರಕ್ಕೆ ಒಬ್ಬರೋ ಇಬ್ಬರೋ ಅಪ್ಪಂದಿರನ್ನು ಮೋಡದಿಂದ ಇಳಿಸುತ್ತೇನೆ. ಆದರೆ ನಾನು ಕೊಂಡದ್ದು ಅದಕ್ಕಲ್ಲ. ಅಪ್ಪನ ದನಿಯಾದರೂ ಉಳಿಯಲಿ ಎಂದು. ಮನೆಗೆ ತಂದ ದಿನವೇ ಮೈಕ್ ಸಿಕ್ಕಿಸಿ, ಅಪ್ಪನನ್ನು ಕರೆದು ಎದುರಿಗೆ ಚಾಪೆಯ ಮೇಲೆ ಕೂರಿಸಿ, ಏನಾದರೂ ಮಾತಾಡಪ್ಪಾ, ಒಂದು ನಿಮಿಷ ಸಾಕು ಅಂದೆ. ಎದುರು ಮಾತಾಡದೆ ಬಂದು ಕೂತ.

ಆ ಫೈಲನ್ನು ಮೂರು ಕಡೆ ಇಟ್ಟಿದ್ದೇನೆ. ಶುರುವಿನಲ್ಲಿ ಫ್ಯಾನಿನ ಸದ್ದು. ಅಪ್ಪನ ಉಸಿರು. ಒಂದು ಕೆಮ್ಮು. ಆಮೇಲೆ ಅಪ್ಪ ಕೇಳುತ್ತಾನೆ, "ಯಾರ್ ಕೂಟ ಪೇಸ್ಲಿ?" ಯಾರ ಜೊತೆ ಮಾತಾಡಲಿ ಎಂದು. ಅದಕ್ಕೆ ನಾನು, "ನನ್ನ ಜೊತೆ ಮಾತಾಡಪ್ಪಾ," ಎನ್ನುವುದು ಕೇಳಿಸುತ್ತದೆ, ಅಚ್ಚುಕಟ್ಟಾಗಿ, ಟಿವಿಯವಳ ಹಾಗೆ. ಆಮೇಲೆ ಅಪ್ಪ ಚಾಪೆಯಿಂದ ಎದ್ದು ಹೋಗುವ ಸದ್ದಿದೆ.